ನಮೂನೆ 26ರಲ್ಲಿ ಕೇಳದ ಪ್ರಶ್ನೆ

ಚುನಾವಣೆ ಬಂತೆಂದರೆ ನನಗೊಂದು ಚಟ. ನಮ್ಮ ಕ್ಷೇತ್ರದ ಅಭ್ಯರ್ಥಿಗಳು ನಾಮಪತ್ರದ ಜೊತೆ ನಮೂನೆ 26ರಲ್ಲಿ ಸಲ್ಲಿಸಿದ ಪ್ರಮಾಣಪತ್ರಗಳನ್ನು ಆಯೋಗದ ಜಾಲತಾಣದಿಂದ ಇಳಿಸಿಕೊಂಡು, ರಾತ್ರಿ ಊಟವಾದ ಮೇಲೆ ಓದಲು ಕೂರುತ್ತೇನೆ. ಮನೆಯವರು ನಗುತ್ತಾರೆ, ನಗಲಿ. 2023ರ ಮೇ 10ರ ಮತದಾನಕ್ಕೆ ಮೊದಲೂ ಹೀಗೇ ಕೂತಿದ್ದೆ. ಎಕರೆಗಟ್ಟಲೆ ಜಮೀನಿದ್ದೂ ಸ್ವಂತಕ್ಕೊಂದು ಕಾರಿಲ್ಲದ ಬಡವರು, ಗಂಡನಿಗೇ ಸಾಲ ಕೊಟ್ಟಿರುವ ಹೆಂಡತಿಯರು, ಗ್ರಾಂ ಲೆಕ್ಕದಲ್ಲಿ ಬರೆದಿಟ್ಟ ಬಂಗಾರ. ಒಂದು ಸಂಸಾರದ ಒಳಮನೆಯನ್ನೇ ಹೊಕ್ಕಂತಾಗುತ್ತದೆ.

ಇಷ್ಟನ್ನಾದರೂ ಬರೆದುಕೊಟ್ಟಿದ್ದಾರಲ್ಲ ಎಂದು ರಾಜಕಾರಣಿಗಳನ್ನು ಹೊಗಳಬೇಕಾಗಿಲ್ಲ. ಅಭ್ಯರ್ಥಿಯ ಆಸ್ತಿ, ಮೊಕದ್ದಮೆ, ಓದು ಮತದಾರನಿಗೆ ಗೊತ್ತಿರಬೇಕು ಎಂದು 2002ರಲ್ಲಿ ಹೇಳಿದ್ದು ಸುಪ್ರೀಂ ಕೋರ್ಟ್. ಅದೇ ವರ್ಷ ಸಂಸತ್ತು ಕಾಯ್ದೆ ತಿದ್ದಿ ಆ ಆದೇಶದ ಹಲ್ಲು ಕೀಳಲು ಹೊರಟಿತು. 2003ರಲ್ಲಿ ಕೋರ್ಟ್ ಆ ತಿದ್ದುಪಡಿಯನ್ನು ರದ್ದು ಮಾಡಿತು. ಕ್ರಿಮಿನಲ್ ಮೊಕದ್ದಮೆ ಇರುವವರಿಗೆ ಟಿಕೆಟ್ ಕೊಟ್ಟರೆ ಪಕ್ಷ ಅದಕ್ಕೆ ಕಾರಣ ಪ್ರಕಟಿಸಬೇಕು, ಗೆಲ್ಲುತ್ತಾರೆ ಎಂಬುದೊಂದೇ ಕಾರಣವಾಗಕೂಡದು ಎಂದು 2020ರಲ್ಲಿ ಮತ್ತೊಂದು ಆದೇಶ ಬಂತು. ಈಗ ಆ ಕಾರಣಗಳನ್ನು ಓದುವುದೂ ಒಂದು ಸೊಗಸು. ಎಲ್ಲರೂ ಸಮಾಜಸೇವಕರೇ.

ನನ್ನ ತಕರಾರು ಬೇರೆ. ನಮೂನೆ 26 ಸರ್ಕಾರಿ ಮನೆಯ ಬಾಡಿಗೆ, ನೀರು, ವಿದ್ಯುತ್ ಬಾಕಿಯನ್ನೂ ಕೇಳುತ್ತದೆ. ಶಾಸಕನಾದ ಮೇಲೆ ಯಾವ ಕಾನೂನಿನ ಪರ ಕೈ ಎತ್ತುವೆ ಎಂದು ಮಾತ್ರ ಕೇಳುವುದಿಲ್ಲ. ಕೇಳಬೇಕಾದವರು ನಾವು. ನಾವೂ ಕೇಳುವುದಿಲ್ಲ.

ಮಲೆನಾಡಿನವನಾದ ನನಗೆ ಇಲ್ಲಿ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ನೆನಪಾಗದೆ ಇರುವುದಿಲ್ಲ. ಅವರು ಪಾಲ್ಗೊಂಡ 1951ರ ಕಾಗೋಡು ಸತ್ಯಾಗ್ರಹ ಗೇಣಿ ಅಳೆಯುವ ಕೊಳಗದ ಗಾತ್ರದ ಮೇಲೆ ಎದ್ದ ಜಗಳ. ಒಡೆಯರು ಭತ್ತ ಅಳೆದುಕೊಳ್ಳುವ ಕೊಳಗ ದೊಡ್ಡದು ಎಂಬುದು ಗೇಣಿದಾರರ ದೂರು. ಮರುವರ್ಷವೇ, ಮೂವತ್ತು ತುಂಬುವ ಮೊದಲೇ, ಸಾಗರದ ಸೀಮೆಯಿಂದ ಗೋಪಾಲಗೌಡರು ವಿಧಾನಸಭೆಗೆ ಬಂದರು. ಅವರ ಹತ್ತಿರ ಘೋಷಿಸಲು ಆಸ್ತಿಯಿರಲಿಲ್ಲ, ನಿಲುವಿತ್ತು. ಉಳುವವನಿಗೇ ಹೊಲ. ಒಪ್ಪದವರು ಒಪ್ಪದಿರಬಹುದಿತ್ತು, ಆದರೆ ಈತ ಸದನದಲ್ಲಿ ಏನು ಮಾತಾಡುತ್ತಾನೆ ಎಂದು ಮತ ಹಾಕಿದವನಿಗೂ ಹಾಕದವನಿಗೂ ಗೊತ್ತಿತ್ತು. 1972ರಲ್ಲಿ ಅವರು ತೀರಿಕೊಂಡರು. ದೇವರಾಜ ಅರಸರ ಕಾಲದ ಭೂಸುಧಾರಣೆ ಜಾರಿಗೆ ಬಂದದ್ದು 1974ರಲ್ಲಿ, ಅದನ್ನು ನೋಡಲು ಅವರು ಇರಲಿಲ್ಲ.

ಅದೇ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು 2020ರಲ್ಲಿ ಕಿತ್ತುಹಾಕಲಾಯಿತು. ಕೃಷಿಕರಲ್ಲದವರು ಸಾಗುವಳಿ ಜಮೀನು ಕೊಳ್ಳುವುದಕ್ಕಿದ್ದ ತಡೆ ಹೋಯಿತು. ಇದು ಸರಿ ಎನ್ನುವ ರೈತರೂ ನನ್ನ ಗೆಳೆಯರಲ್ಲಿದ್ದಾರೆ. ಮಾರುವವನಿಗೆ ಒಳ್ಳೆಯ ಬೆಲೆ ಸಿಗುವುದು ಬೇಡವೇ ಎನ್ನುತ್ತಾರೆ. ನನಗೆ ಒಪ್ಪಿಗೆಯಿಲ್ಲ, ವಾದ ನಡೆಯುತ್ತಲೇ ಇದೆ. ಆದರೆ 2018ರಲ್ಲಿ ನಮ್ಮ ಅಂಗಳಕ್ಕೆ ಬಂದು ಕೈಮುಗಿದವರಲ್ಲಿ ಒಬ್ಬರೂ ಜಮೀನಿನ ಮಾತೆತ್ತಿರಲಿಲ್ಲ. ರಸ್ತೆ, ಸಮುದಾಯ ಭವನ, ದೇವಸ್ಥಾನಕ್ಕೆ ತಗಡು, ಇವಿಷ್ಟೇ. ಐವತ್ತು ವರ್ಷ ಹಳೆಯ ಕಾನೂನಿನ ಬೇರು ಅಲ್ಲಾಡುವಾಗ ನಮ್ಮ ಶಾಸಕರ ಅಭಿಪ್ರಾಯವೇನೆಂದು ನಮಗೇ ತಿಳಿಯದು.

ಹಾಗಾಗಿ 2023ರಲ್ಲಿ ಒಬ್ಬ ಅಭ್ಯರ್ಥಿ ಮನೆಗೆ ಬಂದಾಗ ಕೇಳಿಯೇಬಿಟ್ಟೆ: “79ಎ ಮತ್ತೆ ಬರಬೇಕೋ ಬೇಡವೋ?” ಅವರು ನಕ್ಕರು, ಪಕ್ಕದಲ್ಲಿದ್ದ ಸಹಾಯಕನ ಮುಖ ನೋಡಿದರು. ಸಹಾಯಕ ಡೈರಿ ತೆರೆದು, ಪೆನ್ನಿನ ಮುಚ್ಚಳ ಕಚ್ಚಿ ತೆಗೆದು, ಬಹಳ ವಿನಯದಿಂದ ಕೇಳಿದ: “ಸರ್, ಅದು ನಿಮ್ಮ ಸೈಟಿನ ನಂಬರೇ?”