ಟರ್ಬೊ ಬಿಚ್ಚಿಸುವ ಮೊದಲು ಆಯಿಲ್ ಅಳೆಯಿರಿ

"ಗಾಡಿ ಆಯಿಲ್ ಕುಡಿಯುತ್ತಿದೆ, ಟರ್ಬೊ ಹೋಗಿದೆ." ಬಾನೆಟ್ ಎತ್ತಿದ ಐದೇ ನಿಮಿಷದಲ್ಲಿ ಗ್ಯಾರೇಜಿನವರು ಹೀಗೆ ತೀರ್ಪು ಕೊಟ್ಟರು, ನಾನು ನಂಬಿದೆ. ಟರ್ಬೊ ಎಂದರೆ ಇಂಜಿನ್ನಿಗೆ ಹೆಚ್ಚು ಗಾಳಿ ಒತ್ತಿ ತುಂಬುವ ಪಂಕ. 14 ವರ್ಷದ ಡೀಸೆಲ್ ಕಾರು, ಎರಡು ಲಕ್ಷ ಕಿಲೋಮೀಟರ್ ದಾಟಿತ್ತು. ಹೋಗಿದ್ದರೂ ಹೋಗಿರಬಹುದು ಅನ್ನಿಸಿತು. ಹೊಸ ಟರ್ಬೊ ಕೂರಿಸಿದ್ದಾಯಿತು. ಎರಡು ತಿಂಗಳು ತುಂಬುವುದರೊಳಗೆ, ಆಯಿಲ್ ಮಟ್ಟ ನೋಡುವ ಕಡ್ಡಿಯಾದ ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮತ್ತೆ ಕೆಳಗಿನ ಗುರುತಿಗೆ ಇಳಿದಿತ್ತು.

ಆಗ ಹೋದದ್ದು ಒಬ್ಬ ಹಿರಿಯ ಮೆಕ್ಯಾನಿಕ್ ಬಳಿಗೆ. ಅವರು ಬಾನೆಟ್ ಮುಟ್ಟಲೇ ಇಲ್ಲ. "ಎಷ್ಟು ಕಿಲೋಮೀಟರಿಗೆ ಎಷ್ಟು ಆಯಿಲ್ ಹಾಕುತ್ತಿದ್ದೀರಿ ಸರ್?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಅಷ್ಟು ದುಡ್ಡು ಸುರಿದಿದ್ದೆ, ಒಂದು ಸಲವೂ ಅಳೆದಿರಲಿಲ್ಲ.

ಹಳೆಯ ಟರ್ಬೊ ಡೀಸೆಲ್ ಇಟ್ಟುಕೊಂಡವರಿಗೆಲ್ಲ ನಾನು ಈಗ ಹೇಳುವುದು ಇದನ್ನೇ: ಮೊದಲು ಅಳತೆ, ಆಮೇಲೆ ಸ್ಪ್ಯಾನರ್. ಸಮತಟ್ಟಾದ ಜಾಗದಲ್ಲಿ, ಬೆಳಿಗ್ಗೆ ಇಂಜಿನ್ ಚಾಲೂ ಮಾಡುವ ಮೊದಲು ಡಿಪ್‌ಸ್ಟಿಕ್ ಎಳೆದು, ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಳಗೆ ಹಾಕಿ ಮತ್ತೆ ಎಳೆದು ನೋಡಿ. ಪ್ರತಿ ಸಲವೂ ಅದೇ ಜಾಗ, ಅದೇ ಹೊತ್ತು. ಬಹಳಷ್ಟು ಕಾರುಗಳಲ್ಲಿ ಎರಡು ಗುರುತುಗಳ ನಡುವಿನ ಅಂತರ ಸುಮಾರು ಒಂದು ಲೀಟರ್. ಮೇಲಿನ ಗುರುತಿನವರೆಗೆ ತುಂಬಿ, ಕಿಲೋಮೀಟರ್ ಬರೆದಿಟ್ಟು, ಸಾವಿರ ಕಿಲೋಮೀಟರ್ ಓಡಿಸಿ ಮತ್ತೆ ಅಳೆಯಿರಿ. ಸಾವಿರ ಕಿಲೋಮೀಟರಿಗೆ ಅರ್ಧ ಲೀಟರ್, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಖರ್ಚಾದರೂ ಸಹಜ ಎಂದು ಎಷ್ಟೋ ಕಂಪನಿಗಳ ಕೈಪಿಡಿಗಳೇ ಹೇಳುತ್ತವೆ. ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್, ಇರುವ ಕಾರಾದರೆ ಇನ್ನೊಂದು ಎಚ್ಚರಿಕೆ. ಫಿಲ್ಟರಿನ ಮಸಿ ಸುಡಲು ಇಂಜಿನ್ ಹೆಚ್ಚುವರಿ ಡೀಸೆಲ್ ಚಿಮ್ಮಿಸುವಾಗ ಅದರಲ್ಲಿ ಸ್ವಲ್ಪ ಸಿಲಿಂಡರ್ ಗೋಡೆಯಿಂದ ಇಳಿದು ಆಯಿಲ್‌ಗೆ ಸೇರುತ್ತದೆ. ಆಯಿಲ್ ಉರಿದು ಹೋಗುತ್ತಿದ್ದರೂ ಮಟ್ಟ ಮಾತ್ರ ಕದಲದಂತೆ ಕಾಣಬಹುದು. ಡಿಪ್‌ಸ್ಟಿಕ್ ಮೂಸಿ ನೋಡಿ, ಡೀಸೆಲ್ ವಾಸನೆ ಬಂದರೆ ಆಯಿಲ್ ಬದಲಿಸಿಯೇ ಲೆಕ್ಕ ಶುರು ಮಾಡಬೇಕು.

ಸೋರಿಕೆ ಕಣ್ಣಿಗೆ ಕಾಣುವಂಥದ್ದು. ಇಂಜಿನ್ ಹೊರಮೈ ತೊಳೆಸಿ, ಒಂದು ದಿನ ಓಡಿಸಿ, ಕೆಳಗಿನಿಂದ ಟಾರ್ಚ್ ಹಾಕಿ ನೋಡಿದರೆ ಸಾಕು. ನಿಂತಾಗ ನೆಲಕ್ಕೆ ಒಂದು ಹನಿಯೂ ಬೀಳದೆ, ಓಡುವಾಗ ಮಾತ್ರ ಸೋರುವುದೂ ಉಂಟು.

ಆಯಿಲ್ ಒಳಗೇ ಉರಿಯುತ್ತಿದ್ದರೆ ಹೊಗೆ ಹೇಳುತ್ತದೆ. ಕಪ್ಪು ಹೊಗೆ ಡೀಸೆಲ್ಲಿನದು, ಅದಕ್ಕೂ ಆಯಿಲ್‌ಗೂ ಗಂಟು ಹಾಕಬೇಡಿ. ನೀಲಿ ಹೊಗೆ ಆಯಿಲಿನದು. ಅದು ಯಾವಾಗ ಬರುತ್ತದೆ ಎಂಬುದೇ ಮುಖ್ಯ. ರಾತ್ರಿಯೆಲ್ಲ ನಿಂತ ಗಾಡಿ ಬೆಳಿಗ್ಗೆ ಚಾಲೂ ಆದಾಗ ಒಂದು ಸಲ ಬಂದು ನಿಂತರೆ ಮೊದಲ ಅನುಮಾನ ವಾಲ್ವ್ ಸೀಲ್ ಮೇಲೆ, ಅಂದರೆ ವಾಲ್ವ್ ಕಡ್ಡಿಯ ಪಕ್ಕದಿಂದ ಆಯಿಲ್ ಇಳಿಯದಂತೆ ತಡೆಯುವ ಸೀಲ್ ಮೇಲೆ. ಏರಿನಲ್ಲಿ ಆಕ್ಸಿಲರೇಟರ್ ತುಳಿದಷ್ಟು ಹೊತ್ತೂ ಬಂದರೆ ಪಿಸ್ಟನ್ ಸುತ್ತಲಿನ ಬಳೆ, ಅಂದರೆ ಪಿಸ್ಟನ್ ರಿಂಗ್, ಅಥವಾ ಟರ್ಬೊ.

ಈ "ಅಥವಾ"ದಲ್ಲೇ ನಾನು ಎಡವಿದ್ದು. ಟರ್ಬೊದಿಂದ ಬರುವ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ನ ಪೈಪ್ ಕಳಚಿದಾಗ ಒಳಗೆ ಆಯಿಲ್ ಕಂಡ ಕೂಡಲೇ ಟರ್ಬೊ ಕೆಟ್ಟಿದೆ ಎನ್ನುತ್ತಾರೆ. ಆದರೆ ಇಂಜಿನ್ ಹೊಟ್ಟೆಯ ಆಯಿಲ್ ಬೆರೆತ ಆವಿಯನ್ನು ಹೊರಬಿಡುವ ಬ್ರೀದರ್ ಪೈಪ್ ಟರ್ಬೊಗಿಂತ ಮೊದಲೇ ಗಾಳಿಯ ದಾರಿಗೆ ಸೇರುತ್ತದೆ. ತೆಳುವಾದ ಪಸೆ ಆರೋಗ್ಯವಂತ ಇಂಜಿನ್ನಿನಲ್ಲೂ ಇರುತ್ತದೆ. ಜೊತೆಗೆ, ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವ ಟರ್ಬೊದ ಶಾಫ್ಟ್‌ಗೆ ರಬ್ಬರ್ ಸೀಲ್ ಇಲ್ಲ, ಸಣ್ಣ ಲೋಹದ ಬಳೆಗಳಿವೆ. ಅವು ಆಯಿಲನ್ನು ತಡೆಯಬೇಕಾದರೆ ಆಯಿಲ್ ಕೆಳಗೆ ಸರಾಗವಾಗಿ ಇಳಿದು ಹೋಗುತ್ತಿರಬೇಕು. ಬ್ರೀದರ್ ಕಟ್ಟಿಕೊಂಡರೆ ಇಂಜಿನ್ ಹೊಟ್ಟೆಯಲ್ಲಿ ಒತ್ತಡ ಏರುತ್ತದೆ, ಇಳಿಯಬೇಕಾದ ಆಯಿಲ್ ಇಳಿಯದೆ ಬಳೆ ದಾಟಿ ಗಾಳಿಯ ಪೈಪಿಗೆ ನುಗ್ಗುತ್ತದೆ. ಟರ್ಬೊ ಹೊಸದಾದರೂ ಅಷ್ಟೇ. ಟರ್ಬೊದ ಆಯಿಲನ್ನು ಇಂಜಿನ್ನಿಗೆ ವಾಪಸ್ ಇಳಿಸುವ ರಿಟರ್ನ್ ಪೈಪ್ ಕಟ್ಟಿಕೊಂಡರೂ ಇದೇ ಕಥೆ.

ಆದ್ದರಿಂದ ಮೊದಲು ಬ್ರೀದರ್, ಆಮೇಲೆ ರಿಟರ್ನ್ ಪೈಪ್, ಆಮೇಲೆ ಟರ್ಬೊ ಶಾಫ್ಟ್. ಶಾಫ್ಟ್ ಪಕ್ಕಕ್ಕೆ ಕೂದಲೆಳೆಯಷ್ಟು ಅಲ್ಲಾಡುವುದು ಸಹಜ. ಹಿಂದೆ ಮುಂದೆ ಎಳೆದಾಗ ಕೈಗೆ ತಿಳಿಯುವಷ್ಟು ಸಡಿಲ ಇದ್ದರೆ, ಅಥವಾ ರೆಕ್ಕೆ ಗೋಡೆಗೆ ಉಜ್ಜಿದ ಗುರುತಿದ್ದರೆ, ಆಗ ಟರ್ಬೊವನ್ನೇ ದೂರಿ. ಇವೆಲ್ಲ ಸರಿಯಿದ್ದಾಗಲೇ ಕಂಪ್ರೆಷನ್ ಟೆಸ್ಟ್, ಅಂದರೆ ಸಿಲಿಂಡರಿನಲ್ಲಿ ಎಷ್ಟು ಒತ್ತಡ ಏರುತ್ತದೆ ಎಂಬ ಪರೀಕ್ಷೆ. ಅಲ್ಲಿಯೂ ಒಟ್ಟು ಅಂಕಿಗಿಂತ ಸಿಲಿಂಡರಿನಿಂದ ಸಿಲಿಂಡರಿಗೆ ಇರುವ ವ್ಯತ್ಯಾಸ ಹೆಚ್ಚು ಮಾತನಾಡುತ್ತದೆ. ಕಂಪ್ರೆಷನ್ ಚೆನ್ನಾಗಿದ್ದೂ, ಸಿಲಿಂಡರ್ ಗೋಡೆಯ ಆಯಿಲ್ ಕೆರೆದು ಇಳಿಸುವ ಆಯಿಲ್ ರಿಂಗ್ ಮಸಿಯಲ್ಲಿ ಅಂಟಿಕೊಂಡಿರಬಹುದು ಎಂಬುದು ನೆನಪಿರಲಿ.

ತಡ ಮಾಡಬೇಡಿ ಎಂದೂ ಕಳಕಳಿಯಿಂದ ಹೇಳುತ್ತೇನೆ. ಗಾಳಿಯ ದಾರಿಯಲ್ಲಿ ಆಯಿಲ್ ಮಡುಗಟ್ಟಿದರೆ ಡೀಸೆಲ್ ಇಂಜಿನ್ ಅದನ್ನೇ ಇಂಧನ ಮಾಡಿಕೊಂಡು, ಕೀ ತೆಗೆದರೂ ನಿಲ್ಲದೆ, ಒಡೆದು ಹೋಗುವವರೆಗೂ ಕಿರುಚುತ್ತಾ ಓಡಬಲ್ಲದು. ಗಾಳಿ ಅಥವಾ ಆಯಿಲ್ ನಿಲ್ಲದೆ ಅದು ನಿಲ್ಲುವುದಿಲ್ಲ. ಮ್ಯಾನುಯಲ್ ಗೇರ್ ಇದ್ದರೆ, ನಿಂತಲ್ಲೇ ಬ್ರೇಕ್ ಗಟ್ಟಿಯಾಗಿ ತುಳಿದು, ಅತಿ ಮೇಲಿನ ಗೇರ್ ಹಾಕಿ ಕ್ಲಚ್ ಬಿಟ್ಟು ಇಂಜಿನ್ನನ್ನು ಉಸಿರುಗಟ್ಟಿಸಬಹುದು. ಬಾನೆಟ್ ತೆರೆದು ಕೈ ಹಾಕುವ ಸಾಹಸ ಮಾತ್ರ ಬೇಡ.

ನನ್ನ ಕಾರಿನ ಬ್ರೀದರ್ ಬಿಚ್ಚಿದಾಗ ಒಳಗೆ ಗ್ರೀಸಿನಂಥ ಕಪ್ಪು ಜಿಡ್ಡು ಬಾಯಿತುಂಬ ಕಟ್ಟಿತ್ತು. ಅದನ್ನು ಬದಲಿಸಿದ ಮೇಲೆ ಐದು ಸಾವಿರ ಕಿಲೋಮೀಟರಿಗೆ ಹಾಕಿದ್ದು ಅರ್ಧ ಲೀಟರ್, ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಕಳಚಿ ತಂದು ಡಿಕ್ಕಿಯಲ್ಲಿ ಇಟ್ಟಿದ್ದ ಹಳೆಯ ಟರ್ಬೊವನ್ನು ಆ ಹಿರಿಯರು ಕೈಗೆತ್ತಿಕೊಂಡು ಶಾಫ್ಟನ್ನು ಹಿಂದೆ ಮುಂದೆ ಎಳೆದು ನೋಡಿದರು. ಬೆರಳಲ್ಲಿ ತಿರುಗಿಸಿದರು. ಸದ್ದಿಲ್ಲದೆ ತಿರುಗಿತು.