ದೊಡ್ಡಪ್ಪ ದಾನ ಮಾಡಿದ ನನ್ನ ರೇನ್‌ಕೋಟು

ದೊಡ್ಡಪ್ಪ ತೀರಿಕೊಂಡು ಇನ್ನೂ ತಿಂಗಳಾಗಿರಲಿಲ್ಲ, ಮನೆಗೆ ಒಂದು ಏಣಿ ಬಂತು. ಹೊತ್ತು ತಂದವರು ಗೇಟಿನ ಹತ್ತಿರವೇ ನಿಂತು, ಒಳಗೆ ಬರಲೋ ಬೇಡವೋ ಅನ್ನೋ ಹಾಗೆ ಮುಖ ಮಾಡಿ, "ಯಜಮಾನರು ಕೊಟ್ಟಿದ್ರು, ಆರು ವರ್ಷ ಆಯ್ತು" ಅಂದರು. ದೊಡ್ಡಮ್ಮ ಏಣಿಯನ್ನೇ ನೋಡುತ್ತಾ ನಿಂತುಬಿಟ್ಟಳು. ಈ ಆರು ವರ್ಷವೂ ಅವಳು ಆ ಏಣಿ ಕಳುವಾಗಿದೆ ಅಂತಲೇ ತಿಳಿದಿದ್ದಳು. ಹಾಗಂತ ನಂಬಿಸಿದ್ದು ದೊಡ್ಡಪ್ಪನೇ. "ಏನು ಕಾಲ ಬಂತು ನೋಡು, ಏಣಿನೂ ಬಿಡಲ್ವಲ್ಲ ಈ ಕಳ್ಳರು" ಅಂತ ಲೊಚಗುಟ್ಟಿದ್ದ ಬೇರೆ.

ಆಮೇಲೆ ಡ್ರಿಲ್ ಮಷಿನ್ ಬಂತು. ಎರಡು ಟಾರ್ಚ್ ಬಂದವು. ಅರ್ಧ ಹಗ್ಗ ಬಂತು, ಇನ್ನರ್ಧ ಯಾರ ಹತ್ತಿರ ಇದೆಯೋ. ಅವನು ಇದ್ದಾಗ ಖಾಲಿ ಹೊಡೆಯುತ್ತಿದ್ದ ಸ್ಟೋರ್ ರೂಮು ಅವನು ಹೋದ ಮೇಲೆ ತುಂಬತೊಡಗಿತು. ಬಂದದ್ದನ್ನೆಲ್ಲ ದೊಡ್ಡಮ್ಮ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲು ಶುರು ಮಾಡಿದಳು.

ದೊಡ್ಡಪ್ಪನಿಗೆ ಎರಡು ಹುಚ್ಚು ಇದ್ದವು. ಒಂದು ಸಾಹಸ, ಇನ್ನೊಂದು ಕೊಡೋದು. ಒಂದೊಂದೇ ಇದ್ದಿದ್ದರೆ ಸುಧಾರಿಸಬಹುದಿತ್ತು. ಎರಡೂ ಒಬ್ಬನಲ್ಲೇ ಸೇರಿಕೊಂಡಿದ್ದು ನಮ್ಮ ಗ್ರಹಚಾರ. ಸಾಮಾನ್ಯವಾಗಿ ಸಾಹಸಿಗಳು ಹೆಂಡತಿ ಮಕ್ಕಳನ್ನು ಮನೆಯಲ್ಲಿ ಬಿಟ್ಟು ಹೋಗ್ತಾರೆ, ಅಲ್ವಾ? ಇವನು ಹಾಗಲ್ಲ. "ನಾನೊಬ್ಬನೇ ಮಜಾ ಮಾಡಿದ್ರೆ ನಿಮಗೆ ಬೇಜಾರಾಗಲ್ವಾ" ಅಂತ ಅತ್ತೆ, ನಾನು, ಅವನ ಇಬ್ಬರು ಮಕ್ಕಳು, ಎಲ್ಲರನ್ನೂ ಎಳೆದುಕೊಂಡು ಹೋಗುತ್ತಿದ್ದ. ನಮಗೆ ಬೇಜಾರಾಗಲ್ಲ ಅಂತ ಎಷ್ಟು ಹೇಳಿದರೂ ಕೇಳುತ್ತಿರಲಿಲ್ಲ.

ಒಮ್ಮೆ ಎಲ್ಲಿಂದಲೋ ಒಂದು ಹಳೇ ಕಾಟನ್ ಟೆಂಟ್ ತಂದ. ಆರು ಜನ ಅದರಲ್ಲಿ ಮಲಗಿದೆವು. ರಾತ್ರಿ ಮಳೆ ಹಿಡಿಯಿತು. ದೊಡ್ಡಪ್ಪ ಟಾರ್ಚ್ ಹಚ್ಚಿ ಪಾಠ ಶುರು ಮಾಡಿದ. ಬಟ್ಟೆ ನೆನೆದಾಗ ನೂಲು ಉಬ್ಬಿ ತೂತುಗಳು ಮುಚ್ಚಿಕೊಳ್ತವಂತೆ, ನೀರು ಬಟ್ಟೆಯ ಮೇಲೇ ನಿಲ್ಲುತ್ತಂತೆ, ಆದರೆ ಒಳಗಿನಿಂದ ಯಾರಾದರೂ ಕೈ ತಾಗಿಸಿದರೆ ಮಾತ್ರ ಅಲ್ಲೇ ಸೋರೋಕೆ ಶುರುವಾಗುತ್ತಂತೆ. ಹೇಳಿದ್ದು ಅಕ್ಷರಶಃ ನಿಜ. "ಅಂದ್ರೆ ಎಲ್ಲಿ ಮುಟ್ಟಬಾರದು?" ಅಂದಳು ಅತ್ತೆ. "ಇಲ್ಲಿ" ಅಂತ ದೊಡ್ಡಪ್ಪ ಬೆರಳಿಟ್ಟು ತೋರಿಸಿದ.

ಮೊದಲ ಹನಿ ದೊಡ್ಡಮ್ಮನ ಹಣೆ ಮೇಲೆ ಬಿತ್ತು.

ಅದಕ್ಕೂ ಅವನ ಹತ್ತಿರ ಉಪಾಯವಿತ್ತು. ಸೋರುವ ಜಾಗದಿಂದ ಬೆರಳನ್ನು ಬಟ್ಟೆಗೆ ಒತ್ತಿಕೊಂಡು ಕೆಳಗಿನವರೆಗೂ ಎಳೆದರೆ ನೀರು ಅದೇ ಗೆರೆ ಹಿಡಿದು ಇಳಿದು ಹೋಗುತ್ತೆ. ಎಳೆದ. ನೀರೂ ಪಾಪ ಹೇಳಿದ ಮಾತು ಕೇಳಿ ಇಳಿಯಿತು, ಆದರೆ ಗೆರೆ ಮುಗಿದ ಕಡೆ ನನ್ನ ದಿಂಬಿತ್ತು. ಬೆಳಗಾಗುವಷ್ಟರಲ್ಲಿ ಅಂಥ ಐದು ಗೆರೆ ಆಗಿದ್ದವು. "ಮೇಲೆ ಹೊದಿಸೋ ಪ್ಲಾಸ್ಟಿಕ್ ಶೀಟ್ ತಂದಿದ್ವಲ್ಲ, ಅದೆಲ್ಲಿ?" ಅಂತ ದೊಡ್ಡಮ್ಮ ಕೇಳಿದಾಗ ವಿಷಯ ಹೊರಬಿತ್ತು. ಪಕ್ಕದ ಟೆಂಟಿನವರಿಗೆ ಸಂಜೆಯೇ ಕೊಟ್ಟುಬಿಟ್ಟಿದ್ದ. "ಅವರ ಹತ್ರ ಚಿಕ್ಕ ಮಗು ಇತ್ತು ಕಣೇ." ಸೀನುತ್ತಿದ್ದ ತನ್ನ ಕಿರಿಮಗನನ್ನು ದೊಡ್ಡಮ್ಮ ಎತ್ತಿ ಅವನ ಮುಂದೆ ಹಿಡಿದಳು. "ಇದೇನಿದು ಮತ್ತೆ?"

ಕಾರಿನ ಕಥೆ ಇದಕ್ಕಿಂತ ಚೆಂದ. ದಾರಿಯಲ್ಲಿ ಯಾರದ್ದೇ ಗಾಡಿ ಕೆಟ್ಟು ನಿಂತಿದ್ದರೂ ಇವನು ನಿಲ್ಲಿಸಲೇಬೇಕು. ಒಂದು ಸಂಜೆ ಯಾರದೋ ಕಾರಿನ ಬ್ಯಾಟರಿ ಡೌನ್ ಆಗಿತ್ತು. ದೊಡ್ಡಪ್ಪ ಕೇಬಲ್ ತೆಗೆದ. ಕೆಂಪು ಕ್ಲಿಪ್ ಪ್ಲಸ್ಸಿಗೆ, ಕಪ್ಪು ನಮ್ಮ ಬ್ಯಾಟರಿಯ ಮೈನಸ್ಸಿಗೆ, ಕೊನೆಯ ಕಪ್ಪು ಕ್ಲಿಪ್ ಮಾತ್ರ ಅವರ ಬ್ಯಾಟರಿಗಲ್ಲ, ದೂರದಲ್ಲಿ ಇಂಜಿನ್ನಿನ ಬರಿ ಲೋಹಕ್ಕೆ. ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಬರುತ್ತೆ, ಹತ್ತಿರ ಕಿಡಿ ಹಾರಬಾರದು ಅಂತ. ಒಂದು ತಪ್ಪಿಲ್ಲ. ಅವರ ಕಾರು ಗುರ್ ಅಂತ ಸ್ಟಾರ್ಟ್ ಆಯ್ತು. ಕೈ ಕುಲುಕಿದ್ದೇ ಕುಲುಕಿದ್ದು. "ದಾರೀಲಿ ಮತ್ತೆ ನಿಂತ್ರೆ ಏನ್ಮಾಡ್ತೀರಿ?" ಅಂತ ಕೇಬಲ್ಲನ್ನೂ ಅವರಿಗೇ ಕೊಟ್ಟು ಕಳಿಸಿದ. ಆಮೇಲೆ ಇಂಜಿನ್ ಆಫ್ ಮಾಡಿ, ಎಲ್ಲರನ್ನೂ ಕೆಳಗಿಳಿಸಿ ಸೂರ್ಯಾಸ್ತ ತೋರಿಸಿದ. ಹೆಡ್‌ಲೈಟ್ ಆಫ್ ಮಾಡೋದು ಮರೆತಿದ್ದ. ಸೂರ್ಯ ಮುಳುಗಿದ, ಬ್ಯಾಟರಿಯೂ ಮುಳುಗಿತು. ಎರಡು ಗಂಟೆ ರಸ್ತೆ ಬದಿ ಕೂತೆವು. ಅಷ್ಟು ಹೊತ್ತಿನಲ್ಲಿ ಅವನಂಥ ಒಬ್ಬನೇ ಒಬ್ಬ ಆ ದಾರಿಯಲ್ಲಿ ಬರಲಿಲ್ಲ.

ಇನ್ನು ನನ್ನ ರೇನ್‌ಕೋಟು. ಹೊಸದು, ಹಳದಿ ಬಣ್ಣದ್ದು, ಬಟನ್ ಹಾಕಿದರೆ ಟಕ್ ಅಂತ ಸದ್ದು ಮಾಡೋದು. ಆಗ ನನಗೆ ಹತ್ತು ವರ್ಷ. ಮಳೆಯಲ್ಲಿ ಶಾಲೆಯಿಂದ ಕರೆದುಕೊಂಡು ಬರುವಾಗ ಬಸ್‌ಸ್ಟಾಪಿನಲ್ಲಿ ನಡುಗುತ್ತಾ ನಿಂತಿದ್ದ ಒಂದು ಹುಡುಗಿಗೆ ಅದನ್ನು ಬಿಚ್ಚಿ ಕೊಟ್ಟುಬಿಟ್ಟ. ನಾನು ಮನೆವರೆಗೂ ಅತ್ತೆ. ಅವನು ಮನೆವರೆಗೂ ಶ್ಯಾಕಲ್ಟನ್ ಅನ್ನೋ ಅಂಟಾರ್ಟಿಕಾ ಸಾಹಸಿಯ ಕಥೆ ಹೇಳಿದ. 1915ರಲ್ಲಿ ಅಂಟಾರ್ಟಿಕಾದ ಹಿಮದಲ್ಲಿ ಸಿಕ್ಕಿಬಿದ್ದು ಅವನ ಎಂಡ್ಯೂರೆನ್ಸ್ ಹಡಗು ಮುಳುಗಿತು, ಆದರೂ ಅದರಲ್ಲಿದ್ದ 28 ಜನರೂ ಜೀವಂತ ವಾಪಸ್ ಬಂದರು. ಸಣ್ಣ ದೋಣಿಗಳಲ್ಲಿ ಹೋಗುವಾಗ ಫೋಟೋ ತೆಗೆಯುವವನ ಕೈಗವಸು ಕಳೆದುಹೋಯಿತು, ಶ್ಯಾಕಲ್ಟನ್ ತನ್ನದನ್ನೇ ಬಿಚ್ಚಿ ಕೊಟ್ಟ, ಚಳಿಗೆ ಅವನ ಬೆರಳುಗಳೇ ಮರಗಟ್ಟಿದವು. "ನೋಡು ಪುಟ್ಟಾ, ಹಾಗಿರಬೇಕು." ನನಗೆ ಮೂರು ದಿನ ಜ್ವರ.

ದೊಡ್ಡವನಾದ ಮೇಲೆ ಒಂದು ದಿನ ಕೇಳಿಯೇಬಿಟ್ಟೆ. "ದೊಡ್ಡಪ್ಪ, ಅವನು ಕೊಟ್ಟಿದ್ದು ತನ್ನ ಕೈಗವಸು. ನೀನು ಕೊಟ್ಟಿದ್ದು ನನ್ನ ರೇನ್‌ಕೋಟು." ಸ್ವಲ್ಪ ಹೊತ್ತು ಯೋಚಿಸಿದ. "ಹೌದಲ್ವಾ. ಪಾಪ, ಅವನ ದೋಣೀಲಿ ನೀನಿರಲಿಲ್ಲ" ಅಂದ.

ಹೋದ ವಾರ ಇನ್ನೊಬ್ಬರು ಬಂದರು. ವಯಸ್ಸಾದವರು. ಕೈಯಲ್ಲಿ ಮಡಚಿದ ಒಂದು ರೇನ್‌ಕೋಟು. ನನ್ನ ಎದೆ ಧಸಕ್ಕೆಂದಿತು, ಆದರೆ ಅದು ಹಳದಿಯಲ್ಲ. ಬೂದು ಬಣ್ಣದ್ದು, ದೊಡ್ಡವರ ಸೈಜಿನದು. "ಅವತ್ತು ಬಸ್‌ಸ್ಟಾಪಲ್ಲಿ ನಾನೂ ನನ್ನ ಮಗಳೂ ಇದ್ವಿ. ಚಿಕ್ಕದನ್ನ ಅವಳು ಹರಿಯೋವರೆಗೂ ಹಾಕ್ಕೊಂಡ್ಲು. ಇದು ಸಾಹೇಬರದ್ದು" ಅಂದರು.

ನನಗೆ ಅವತ್ತಿನದ್ದು ನೆನಪಿರುವುದೆಲ್ಲ ನನ್ನ ಅಳು, ನನ್ನ ಹಳದಿ ಕೋಟು, ನನ್ನ ಒದ್ದೆ ಶೂ. ಪಕ್ಕದಲ್ಲಿ ನಡೆಯುತ್ತಿದ್ದವನು ಏನು ಹಾಕಿಕೊಂಡಿದ್ದ ಅಂತ ಎಷ್ಟು ತಡಕಾಡಿದರೂ ನೆನಪಿಗೆ ಬರಲಿಲ್ಲ. ದೊಡ್ಡಮ್ಮನನ್ನು ಕೇಳಿದೆ. "ಅವತ್ತಾ? ಇಬ್ಬರಿಗೂ ಜ್ವರ ಬಂದಿತ್ತಲ್ಲೋ. ನೀನು ನರಳ್ತಾ ಇದ್ದೆ, ಅವರು ಸುಮ್ನೆ ಮಲಗಿದ್ರು" ಅಂತ ಹೇಳುತ್ತಲೇ ನೋಟ್‌ಬುಕ್ಕಿನಲ್ಲಿ 'ರೇನ್‌ಕೋಟು, ಒಂದು' ಅಂತ ಬರೆದುಕೊಂಡಳು.

ಅವರು ಹೊರಡುವ ಹೊತ್ತಿಗೆ ಹೊರಗೆ ಮಳೆ. ಕೊಡೆ ತಂದಿರಲಿಲ್ಲ. ದೊಡ್ಡಮ್ಮ ಒಂದು ಸಲ ಮಳೆ ನೋಡಿದಳು, ಒಂದು ಸಲ ಅವರನ್ನು ನೋಡಿದಳು. ಆಮೇಲೆ ಕೋಟನ್ನು ಕೊಡವಿ ಅವರ ಕೈಗಿಟ್ಟು, "ಹಾಕ್ಕೊಂಡು ಹೋಗಿ. ಅವಸರ ಏನಿಲ್ಲ, ನಿಧಾನಕ್ಕೆ ತಂದುಕೊಡಿ" ಅಂದಳು. ಒಳಗೆ ಬಂದು ಪೆನ್ನು ತಗೊಂಡು ಆಗಷ್ಟೇ ಬರೆದಿದ್ದ ಸಾಲು ಹೊಡೆದುಹಾಕಿದಳು.