ನೀರೊಳಗಿನ ಬೆವರು

ರನ್ನನ ‘ಗದಾಯುದ್ಧ’ವನ್ನು ನಾನು ಪದವಿ ತರಗತಿಯಲ್ಲಿ ಓದಿದೆ ಎನ್ನುವುದಕ್ಕಿಂತ ಉರುಹೊಡೆದೆ ಎನ್ನುವುದೇ ಸರಿ. ಸಂದರ್ಭಸಹಿತ ಸ್ವಾರಸ್ಯ ಬರೆಯುವ ಪ್ರಶ್ನೆಗೆ ‘ನೀರೊಳಗಿರ್ದುಂ ಬೆಮರ್ತನುರಗಪತಾಕಂ’ ಎಂಬ ಸಾಲು ಬಂದೇ ಬರುತ್ತದೆಂದು ಹಿಂದಿನ ವರ್ಷ ಪಾಸಾದವರೆಲ್ಲ ಆಣೆಯಿಟ್ಟು ಹೇಳಿದ್ದರು. ಭೀಮನ ಗರ್ಜನೆಯನ್ನು ಕೇಳಿ, ವೈಶಂಪಾಯನ ಸರೋವರದಲ್ಲಿ ಅಡಗಿದ್ದ ಉರಗಪತಾಕ, ಅಂದರೆ ಹಾವಿನ ಬಾವುಟದ ದುರ್ಯೋಧನನು, ನೀರಿನೊಳಗಿದ್ದೂ ಬೆವರಿದನಂತೆ. ಅಧ್ಯಾಪಕರು ಕಣ್ಣು ಮುಚ್ಚಿ ತಲೆದೂಗುತ್ತಿರುವಾಗ ನಾನು ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ‘ನೀರಲ್ಲಿ ಮುಳುಗಿದವನು ಬೆವರಿದ್ದು ಕಂಡದ್ದು ಯಾರಿಗೆ?’ ಎಂದು ಗೀಚಿದ್ದೆ.

ನನ್ನ ಸಿಟ್ಟಿಗೆ ಬೇರೆ ಕಾರಣಗಳೂ ಇದ್ದವು. ಕಂದಪದ್ಯದಲ್ಲಿ ಪ್ರತಿ ಸಾಲಿನ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರಬೇಕೆಂಬ ಆದಿಪ್ರಾಸಕ್ಕಾಗಿ ಕವಿಯು ‘ಕಂಠೀರವ’ವನ್ನು ಮುರಿದು ‘ಕಂ’ ಎಂಬುದನ್ನು ಮೊದಲ ಸಾಲಿನ ಕೊನೆಗೂ ‘ಠೀರವ’ವನ್ನು ಎರಡನೆಯದರ ಮೊದಲಿಗೂ ಇಟ್ಟಿದ್ದರಿಂದ, ಗಟ್ಟಿಯಾಗಿ ಓದಲು ಎದ್ದು ನಿಂತಾಗ ನನಗೆ ಬಿಕ್ಕಳಿಕೆ ಬಂದಂತಾಗಿ ಇಡೀ ತರಗತಿ ನಕ್ಕಿತ್ತು. ಜೊತೆಗೆ, ತನ್ನ ದೊರೆ ಸತ್ಯಾಶ್ರಯ ಇರಿವಬೆಡಂಗನನ್ನೇ ಭೀಮನೊಂದಿಗೆ ಸಮೀಕರಿಸಿ ಬರೆದ ಕಾವ್ಯವೆಂದು ತಿಳಿದ ಮೇಲಂತೂ ಭೀಮನ ಒಂದೊಂದು ಅಬ್ಬರವೂ ಆಸ್ಥಾನದ ಭೋಪರಾಕಿನಂತೆ ಕೇಳಿಸತೊಡಗಿತು.

ವರ್ಷಗಳ ಮೇಲೆ, ಪರೀಕ್ಷೆಯ ಹಂಗಿಲ್ಲದೆ, ಒಂದು ಮಧ್ಯಾಹ್ನ ಅದೇ ಪದ್ಯವನ್ನು ಪೂರ್ತಿಯಾಗಿ ಓದಿದೆ:

ಆ ರವಮಂ ನಿರ್ಜಿತಕಂ
ಠೀರವರವಮಂ ನಿರಸ್ತಘನರವಮಂ ಕೋ
ಪಾರುಣನೇತ್ರಂ ಕೇಳ್ದಾ
ನೀರೊಳಗಿರ್ದುಂ ಬೆಮರ್ತನುರಗಪತಾಕಂ

ಸಿಂಹದ ಗರ್ಜನೆಯನ್ನು ಗೆದ್ದ, ಗುಡುಗನ್ನೂ ಹಿಂದೆ ಹಾಕಿದ ಆ ಸದ್ದನ್ನು ಕೇಳಿದವನು ‘ಕೋಪಾರುಣನೇತ್ರಂ’; ಅವನ ಕಣ್ಣು ಕೆಂಪಾಗಿರುವುದು ಕೋಪದಿಂದ. ಪ್ರಶ್ನೆಪತ್ರಿಕೆಗೆ ನಾಲ್ಕನೆಯ ಸಾಲೊಂದೇ ಸಾಕಾಗಿದ್ದುದರಿಂದ ನಾವು ಮೂರನೆಯದರತ್ತ ಕಣ್ಣು ಹಾಯಿಸಿರಲೇ ಇಲ್ಲ. ಬೆವರು ಅಂಜಿಕೆಯದಲ್ಲ, ಎದ್ದು ಬರಲಾಗದೆ ನೀರೊಳಗೆ ಕುದಿಯುತ್ತಿರುವವನದು. ಸರೋವರದ ತಣ್ಪು ಕೂಡ ಆರಿಸಲಾಗದ ಆ ಕಾವನ್ನು ಕಂಡಿದ್ದರೆ ನನ್ನ ಪೆನ್ಸಿಲಿಗೆ ಕೆಲಸವೇ ಇರುತ್ತಿರಲಿಲ್ಲ. ದೊರೆಯ ಹೆಸರನ್ನು ಭೀಮನಿಗೆ ಕೊಟ್ಟ ಕವಿ ತನ್ನ ಮನಸ್ಸನ್ನು ಮಾತ್ರ ಕದ್ದು ದುರ್ಯೋಧನನಿಗೇ ಕೊಟ್ಟಿದ್ದಾನೆಂಬ ಗುಮಾನಿ ನನಗೆ ಅಂದಿನಿಂದ ಹತ್ತಿದೆ.

ಹಾಗೆಂದು ಇಡೀ ಕಾವ್ಯ ಪ್ರಿಯವಾಯಿತೆಂದೇನಲ್ಲ. ಭೀಮನ ಆರ್ಭಟ ಬಂದಲ್ಲೆಲ್ಲ ಈಗಲೂ ಪುಟ ಮಗುಚುತ್ತೇನೆ. ಅಂದ ಹಾಗೆ, ಆ ವರ್ಷದ ಪರೀಕ್ಷೆಯಲ್ಲಿ ಸಾಲು ಬಂದೇ ಬಂತು. ಗೈಡಿನಲ್ಲಿದ್ದಂತೆ ‘ಭಯದಿಂದ ಬೆವರಿದನು’ ಎಂದು ಬರೆದೆ, ಐದಕ್ಕೆ ನಾಲ್ಕು ಅಂಕ ಸಿಕ್ಕಿತು.